ಒಂದಕ್ಕೆ ಮುನ್ನೂರಿಪ್ಪತ್ತು

ನಮ್ಮ ಬ್ಯಾಂಕಿನಲ್ಲಿ ವರ್ಷಕ್ಕೊಮ್ಮೆ ಎಲ್ಲರಿಗೂ ರಕ್ತ ಪರೀಕ್ಷೆ ಮಾಡಿಸುತ್ತಾರೆ. ವರದಿ ಬಂದರೆ ನಾನು ನೋಡುವುದು ಎರಡೇ ಸಾಲು, ಸಕ್ಕರೆ ಮತ್ತು ಥೈರಾಯ್ಡ್. ಕಳೆದ ಜುಲೈ ಕೊನೆಯ ವಾರವೂ ಆ ಎರಡು ಸಾಲು ನೋಡಿ ಮೊಬೈಲನ್ನು ಡ್ರಾಯರಿಗೆ ಹಾಕಿದ್ದೆ. ಮಧ್ಯಾಹ್ನ ಲ್ಯಾಬಿನವರೇ ಫೋನ್ ಮಾಡಿ, ‘ಮೇಡಂ, ಲಿವರ್ ಸಾಲು ನೋಡಿದಿರಾ?’ ಎಂದು ಕೇಳಿದರು. ಎಸ್‌ಜಿಪಿಟಿ 564. ಎಸ್‌ಜಿಒಟಿ 418. ಯಕೃತ್ತಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಕಿಣ್ವಗಳಿವು, ಎರಡೂ ಸುಮಾರು ನಲವತ್ತರ ಒಳಗಿರಬೇಕಾದವು. ಬಿಲಿರುಬಿನ್, ಅಂದರೆ ಕಾಮಾಲೆಯ ಹಳದಿ, 3.1. ಕೌಂಟರಿನ ಎದುರು ನಿಂತಿದ್ದ ಹಿರಿಯರೊಬ್ಬರು ಪಾಸ್‌ಬುಕ್ ಚಾಚಿಕೊಂಡೇ ಇದ್ದರು, ನಾನು ಅದನ್ನು ತೆಗೆದುಕೊಳ್ಳುವುದನ್ನೇ ಮರೆತಿದ್ದೆ.

ದೇಹ ಎರಡು ತಿಂಗಳಿಂದ ಹೇಳುತ್ತಲೇ ಇತ್ತು, ಕೇಳಿಸಿಕೊಳ್ಳಲು ನನಗೆ ಪುರಸೊತ್ತಿರಲಿಲ್ಲ. ಸಂಜೆ ಚಾಮರಾಜಪೇಟೆಯಿಂದ ಹನುಮಂತನಗರದ ಮನೆಗೆ ಬಂದರೆ ಚಪ್ಪಲಿ ಬಿಡುವ ಮೊದಲೇ ಕುರ್ಚಿ ಬೇಕೆನಿಸುತ್ತಿತ್ತು. ಬೆಳಿಗ್ಗೆ ಬೆರಳ ಗಂಟುಗಳು ಬಿಗಿದುಕೊಂಡು ನೋಟಿನ ಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕುವುದೂ ಕಷ್ಟವಾಗುತ್ತಿತ್ತು. ಫಿಲ್ಟರ್ ಕಾಫಿಯ ವಾಸನೆಗೇ ಹೊಟ್ಟೆ ತೊಳಸುತ್ತಿತ್ತು, ಕಾಫಿ ಇಲ್ಲದೆ ಹಾಸಿಗೆ ಬಿಡದ ನನಗೆ. ವಯಸ್ಸು ನಲವತ್ತನಾಲ್ಕು, ಮುಟ್ಟು ನಿಲ್ಲುವ ಕಾಲ ಹತ್ತಿರವಾಯಿತೇನೋ ಎಂದು ಎಲ್ಲವನ್ನೂ ಅದರ ಲೆಕ್ಕಕ್ಕೆ ಬರೆದಿದ್ದೆ.

ಮೊದಲು ಹೋದದ್ದು ನಮ್ಮ ಬಡಾವಣೆಯ ವೈದ್ಯರ ಬಳಿಗೆ. ಮಳೆಗಾಲ, ಹೊರಗಿನ ನೀರು, ಕಾಮಾಲೆ: ಅವರ ಅನುಮಾನ ಸಹಜವಾಗಿಯೇ ವೈರಸ್ ಮೇಲಿತ್ತು. ಹೆಪಟೈಟಿಸ್ ಎ, ಇ, ಬಿ, ಸಿ ಎಲ್ಲವನ್ನೂ ಬರೆದುಕೊಟ್ಟರು. ಅದಕ್ಕೆ 3,800 ರೂಪಾಯಿ, ಹೊಟ್ಟೆಯ ಸ್ಕ್ಯಾನಿಂಗಿಗೆ 1,400. ಎಲ್ಲವೂ ನೆಗೆಟಿವ್. ಸ್ಕ್ಯಾನಿಂಗಿನಲ್ಲಿ ‘ಯಕೃತ್ತಿನ ಮೇಲ್ಮೈ ಸ್ವಲ್ಪ ಒರಟು’ ಎಂಬ ಒಂದು ಸಾಲು. ‘ಮದ್ಯ ಸೇವನೆ ಇದೆಯೇ?’ ಎಂದು ಕೇಳಿದರು. ಇಲ್ಲ ಎಂದೆ. ಸ್ಕ್ಯಾನಿಂಗ್ ಮಾಡಿದವರೂ ಕೇಳಿದ್ದರು. ರಕ್ತ ತೆಗೆದ ಹುಡುಗಿಯೂ ಕೇಳಿದ್ದಳು, ಅದೂ ನನ್ನ ಅತ್ತೆಯ ಎದುರಿಗೆ. ಲಿವರ್ ಎಂದ ಕೂಡಲೇ ನಮ್ಮಲ್ಲಿ ಎಲ್ಲರ ಕಣ್ಣಿಗೆ ಬಾಟಲಿಯೇ ಕಾಣುತ್ತದೆ. ನಿಮಗೂ ಲಿವರ್ ತೊಂದರೆ ಬಂದರೆ ಈ ಪ್ರಶ್ನೆಯನ್ನು ಹತ್ತು ಸಲ ಕೇಳುತ್ತಾರೆ. ಅವರು ಕೇಳುವುದು ಸರಿಯೇ, ಕೇಳಲೇಬೇಕು. ಆದರೆ ನೀವು ಕೊಟ್ಟ ಉತ್ತರವನ್ನು ಅವರು ಏನೆಂದು ಬರೆದುಕೊಂಡರು ಎಂಬುದನ್ನು ಮಾತ್ರ ನೋಡಿಕೊಳ್ಳಿ. ಅದರಿಂದ ನಾನು ಪಟ್ಟ ಪಾಡು ಮುಂದೆ ಬರುತ್ತದೆ.

‘ಎರಡು ವಾರ ವಿಶ್ರಾಂತಿ ತೆಗೆದುಕೊಳ್ಳಿ, ಮತ್ತೆ ನೋಡೋಣ’ ಎಂದು ವೈದ್ಯರು ಕಳಿಸಿದರು. ಆ ಎರಡು ವಾರ ಮನೆ ಸಂತೆಯಾಯಿತು. ಚಿಕ್ಕಮ್ಮ ನೆಲನೆಲ್ಲಿಯನ್ನು ಅರೆದು ಉಂಡೆ ಮಾಡಿ ತಂದರು. ಮಾಗಡಿ ಕಡೆಯ ಒಂದು ಹಳ್ಳಿಯಲ್ಲಿ ಭಾನುವಾರ ಕಾಮಾಲೆಗೆ ಔಷಧ ಕೊಡುತ್ತಾರೆಂದು ನಾದಿನಿ ಕಾರು ತಂದು ನಿಲ್ಲಿಸಿದಳು. ಉಪ್ಪಿಲ್ಲ, ಎಣ್ಣೆಯಿಲ್ಲ, ಒಗ್ಗರಣೆಯಿಲ್ಲ, ಬರೀ ಮಜ್ಜಿಗೆ ಅನ್ನ. ವರಮಹಾಲಕ್ಷ್ಮಿ ಹಬ್ಬದ ದಿನ ಎಲ್ಲರೂ ಒಬ್ಬಟ್ಟು ತಿನ್ನುವಾಗ ನಾನು ಉಪ್ಪಿಲ್ಲದ ಮಜ್ಜಿಗೆ ಅನ್ನ ಕಲಸುತ್ತ ಕೂತಿದ್ದೆ. ಮಾಗಡಿಗೆ ಹೋಗಲಿಲ್ಲ. ಧೈರ್ಯವಿತ್ತೆಂದಲ್ಲ, ಕಾರು ಹತ್ತುವಷ್ಟು ತ್ರಾಣವಿರಲಿಲ್ಲ. ಈಗ ಯೋಚಿಸಿದರೆ ಆ ನಿತ್ರಾಣವೇ ಒಳ್ಳೆಯದು ಮಾಡಿತು.

ಎರಡು ವಾರದ ನಂತರ ಎಸ್‌ಜಿಪಿಟಿ 610. ವೈರಸ್ಸಾಗಿದ್ದರೆ ಇಷ್ಟು ಹೊತ್ತಿಗೆ ಇಳಿಯತೊಡಗಬೇಕಿತ್ತು. ಈ ಸಲ ವೈದ್ಯರು ಅದೇ ವರದಿಯ ಬೇರೊಂದು ಸಾಲಿಗೆ ಪೆನ್ಸಿಲಿನಲ್ಲಿ ಸುತ್ತು ಹಾಕಿದರು: ಗ್ಲಾಬ್ಯುಲಿನ್ 4.7. ಆಲ್ಬುಮಿನ್ ಅದಕ್ಕಿಂತ ಕಡಿಮೆ. ಎರಡೂ ರಕ್ತದ ಪ್ರೋಟೀನುಗಳು. ಆರೋಗ್ಯವಂತರಲ್ಲಿ ಆಲ್ಬುಮಿನ್ ಹೆಚ್ಚು, ಗ್ಲಾಬ್ಯುಲಿನ್ ಕಡಿಮೆ ಇರುತ್ತದೆ. ನನ್ನಲ್ಲಿ ತಿರುಗುಮುರುಗು. ರೋಗಾಣುಗಳ ವಿರುದ್ಧ ದೇಹ ಮಾಡುವ ಪ್ರತಿಕಾಯಗಳೆಲ್ಲ ಈ ಗ್ಲಾಬ್ಯುಲಿನ್ ಗುಂಪಿಗೆ ಸೇರಿದವು, ದೇಹ ಯಾವುದರ ಮೇಲೋ ಯುದ್ಧಕ್ಕೆ ನಿಂತಿದೆ ಎಂದರು. ಜುಲೈ ವರದಿಯಲ್ಲೂ ಆ ಸಾಲು ಇತ್ತು, ನಾವಿಬ್ಬರೂ ನೋಡಿರಲಿಲ್ಲ. ನಿಮ್ಮ ಕೈಯಲ್ಲಿ ಎಲ್‌ಎಫ್‌ಟಿ, ಅಂದರೆ ಲಿವರ್ ಪರೀಕ್ಷೆಯ ವರದಿ ಇದ್ದರೆ ಎಸ್‌ಜಿಪಿಟಿಯನ್ನು ದಾಟಿ ಕೆಳಗೂ ಕಣ್ಣು ಹಾಯಿಸಿ.

ಬನ್ನೇರುಘಟ್ಟ ರಸ್ತೆಯ ಆಸ್ಪತ್ರೆಯೊಂದರ ಲಿವರ್ ತಜ್ಞರ ಭೇಟಿಗೆ ಒಂಬತ್ತು ದಿನ ಕಾಯಬೇಕಾಯಿತು. ಹತ್ತೂವರೆಯ ಸಮಯ ಕೊಟ್ಟಿದ್ದರು. ಡೈರಿ ಸರ್ಕಲ್ಲಿನಲ್ಲಿ ಆಟೋ ಮುಕ್ಕಾಲು ಗಂಟೆ ನಿಂತಿತು, ಹನ್ನೊಂದಕ್ಕೆ ಓಡೋಡಿ ತಲುಪಿದೆ, ಒಳಗೆ ಕರೆದದ್ದು ಒಂದೂವರೆಗೆ. ತಜ್ಞರು ಸಾವಧಾನದ ಮನುಷ್ಯ. ಏನೇನು ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದರು. ಥೈರಾಯ್ಡ್ ಮಾತ್ರೆ ಬಿಟ್ಟರೆ ಏನೂ ಇಲ್ಲ ಎಂದೆ. ‘ಕಷಾಯ?’ ಎಂದರು. ಅದು ಔಷಧವೆಂದು ನನಗೆ ಹೊಳೆದೇ ಇರಲಿಲ್ಲ. 2020ರ ಕೊರೋನಾ ಕಾಲದಿಂದ ದಿನವೂ ಬೆಳಿಗ್ಗೆ ಖಾಲಿ ಹೊಟ್ಟೆಗೆ ಅರ್ಧ ಲೋಟ ಅಮೃತಬಳ್ಳಿ ಕಷಾಯ ಕುಡಿಯುತ್ತಿದ್ದೆ. ಬಳ್ಳಿ ನಮ್ಮ ಕಾಂಪೌಂಡಿನಲ್ಲೇ ಇದೆ, ಅತ್ತೆ ನೆಟ್ಟದ್ದು.

ಅವರು ಪೆನ್ನು ಕೆಳಗಿಟ್ಟರು. ಅಮೃತಬಳ್ಳಿ ಕುಡಿದವರಲ್ಲಿ ಯಕೃತ್ತಿನ ಉರಿಯೂತ ಕಾಣಿಸಿಕೊಂಡದ್ದನ್ನು ಮುಂಬೈನ ವೈದ್ಯರು 2021ರಲ್ಲೇ ವರದಿ ಮಾಡಿದ್ದಾರೆ, ಆಮೇಲೆ ದೇಶದ ಬೇರೆ ಕಡೆಗಳಿಂದಲೂ ಅಂಥ ರೋಗಿಗಳು ವರದಿಯಾದರು, ಅವರಲ್ಲಿ ಹಲವರ ಕಾಯಿಲೆ ದೇಹವೇ ತನ್ನ ಯಕೃತ್ತಿನ ಮೇಲೆ ಎರಗುವ ಥೇಟ್ ಆಟೋಇಮ್ಯೂನ್ ಹೆಪಟೈಟಿಸ್‌ನಂತೆಯೇ ಇತ್ತು ಎಂದರು. ಆಯುಷ್ ಸಚಿವಾಲಯ ಇದನ್ನು ಒಪ್ಪಿಲ್ಲ ಎಂಬುದನ್ನೂ ಅವರೇ ಹೇಳಿದರು. ‘ವಾದ ಏನೇ ಇರಲಿ, ನಿಮ್ಮ ಲಿವರಿನ ಮೇಲೆ ಪ್ರಯೋಗ ಬೇಡ. ಇವತ್ತಿನಿಂದ ನಿಲ್ಲಿಸಿ. ನೆಲನೆಲ್ಲಿಯನ್ನೂ.’ ಮನೆಗೆ ಬಂದು ಇದನ್ನು ಅತ್ತೆಗೆ ಹೇಳುವುದು ಹೇಗೆಂಬುದೇ ಆ ದಿನ ನನ್ನ ದೊಡ್ಡ ಚಿಂತೆಯಾಗಿತ್ತು.

ಆಟೋಇಮ್ಯೂನ್ ಎಂದರೇನೆಂದು ರಾತ್ರಿ ಗಂಡನಿಗೆ ನಮ್ಮ ಬ್ಯಾಂಕಿನ ಭಾಷೆಯಲ್ಲೇ ಹೇಳಿದೆ. ಸುಳ್ಳು ಸಹಿ ಹಿಡಿಯಲು ಕೂರಿಸಿದ ಗುಮಾಸ್ತ, ಖಾತೆದಾರನೇ ಎದುರು ನಿಂತು ಹಾಕಿದ ಸಹಿಯನ್ನೂ ಖೋಟಾ ಎಂದು ತಳ್ಳಿ, ಪೊಲೀಸರನ್ನು ಕರೆಯುತ್ತಿದ್ದಾನೆ. ಗುಮಾಸ್ತ ಅಂದರೆ ದೇಹದ ರಕ್ಷಣಾ ವ್ಯವಸ್ಥೆ, ಖಾತೆದಾರ ಅಂದರೆ ನನ್ನ ಯಕೃತ್ತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆ ಗುಮಾಸ್ತನನ್ನು ವರ್ಗಾವಣೆ ಮಾಡಲು ಆಗುವುದಿಲ್ಲವೇ?’ ಎಂದರು. ಆಗುವುದಿಲ್ಲ, ನಿದ್ದೆ ಮಾತ್ರೆ ಕೊಡಬಹುದು ಅಷ್ಟೇ.

ನನ್ನದೂ ಅದೇ ಕಾಯಿಲೆಯೇ ಎಂದು ನೋಡಲು ತಜ್ಞರು ಬರೆದುಕೊಟ್ಟ ಪರೀಕ್ಷೆಗಳು ಇವು: ಎಎನ್‌ಎ, ಎಎಸ್‌ಎಂಎ, ಎಲ್‌ಕೆಎಂ-1, ಎಎಂಎ, ಜೊತೆಗೆ ಐಜಿಜಿ, ಅಂದರೆ ರಕ್ತದ ಮುಖ್ಯ ಬಗೆಯ ಪ್ರತಿಕಾಯದ ಒಟ್ಟು ಪ್ರಮಾಣ. ಮೊದಲ ನಾಲ್ಕೂ ದೇಹ ತನ್ನದೇ ಅಂಶಗಳ ವಿರುದ್ಧ ಮಾಡಿಕೊಳ್ಳುವ ಪ್ರತಿಕಾಯಗಳು. ಜೀವಕೋಶದ ಕೇಂದ್ರದ ವಿರುದ್ಧ, ನಯಸ್ನಾಯುವಿನ ವಿರುದ್ಧ, ಯಕೃತ್ತು ಮತ್ತು ಮೂತ್ರಪಿಂಡದಲ್ಲಿರುವ ಒಂದು ಅಂಶದ ವಿರುದ್ಧ, ಮೈಟೊಕಾಂಡ್ರಿಯದ ವಿರುದ್ಧ. ಎಎನ್‌ಎ, ಎಎಸ್‌ಎಂಎ ಇದ್ದರೆ ಒಂದನೇ ಬಗೆಯ ಆಟೋಇಮ್ಯೂನ್ ಹೆಪಟೈಟಿಸ್. ಎಲ್‌ಕೆಎಂ-1 ಇದ್ದರೆ ಎರಡನೆಯ ಬಗೆ, ಅದು ಹೆಚ್ಚಾಗಿ ಮಕ್ಕಳಲ್ಲಿ. ಎಎಂಎ ಇದ್ದರೆ ದಾರಿಯೇ ಬೇರೆ, ಅದು ಪಿತ್ತನಾಳಗಳ ಕಾಯಿಲೆಯಾದ ಪಿಬಿಸಿಯ ಗುರುತು. ಚೀಟಿಯಲ್ಲಿ ಮೊದಲ ನಾಲ್ಕರ ಪಕ್ಕ ‘ಐಎಫ್‌ಎ’ ಎಂಬ ಮೂರು ಅಕ್ಷರಗಳಿದ್ದವು, ಪರೀಕ್ಷೆ ಮಾಡುವ ವಿಧಾನದ ಹೆಸರು. ಅವುಗಳ ಮಹತ್ವ ನನಗೆ ಗೊತ್ತಿರಲಿಲ್ಲ.

ಮನೆಯ ಹತ್ತಿರದ ಸಂಗ್ರಹ ಕೇಂದ್ರವೊಂದರಲ್ಲಿ ರಕ್ತ ಕೊಟ್ಟೆ. ಅಲ್ಲಿಯ ಹುಡುಗ ಕಂಪ್ಯೂಟರಿನಲ್ಲಿ ‘ಎಎನ್‌ಎ’ ಎಂದು ಒತ್ತಿದಾಗ ಮೊದಲು ಬಂದದ್ದನ್ನೇ ಆರಿಸಿದ. ಅದು ಎಲೈಸಾ ವಿಧಾನದ್ದು, 850 ರೂಪಾಯಿ. ಉಳಿದವು ತಮ್ಮಲ್ಲಿಲ್ಲ ಎಂದ. ಮರುದಿನವೇ ವರದಿ ಬಂತು: ನೆಗೆಟಿವ್. ದೇವರಿಗೆ ತುಪ್ಪದ ದೀಪ ಹಚ್ಚಿದೆ. ನಾಲ್ಕು ದಿನ ಹಗುರಾಗಿ ಓಡಾಡಿದೆ. ತಜ್ಞರು ವರದಿಯನ್ನು ನೋಡಿ ಪಕ್ಕಕ್ಕಿಟ್ಟರು. ‘ಇದು ನಾನು ಕೇಳಿದ್ದಲ್ಲ. ಲಿವರ್ ಕಾಯಿಲೆಗೆ ಎಲೈಸಾದಲ್ಲಿ ನೆಗೆಟಿವ್ ಬಂದರೆ ನಾನು ನಂಬುವುದಿಲ್ಲ.’ ಎಲೈಸಾದಲ್ಲಿ ಆಯ್ದ ಕೆಲವು ಅಂಶಗಳನ್ನು ಮಾತ್ರ ತಟ್ಟೆಗೆ ಅಂಟಿಸಿರುತ್ತಾರೆ, ನಮ್ಮ ಪ್ರತಿಕಾಯ ಅವುಗಳಲ್ಲಿ ಒಂದನ್ನು ಹಿಡಿಯದಿದ್ದರೆ ಕಾಣುವುದೇ ಇಲ್ಲ. ಐಎಫ್‌ಎಯಲ್ಲಿ ಇಡೀ ಜೀವಕೋಶವನ್ನೇ ಗಾಜಿನ ಮೇಲಿಟ್ಟು ನೋಡುತ್ತಾರೆ. ಮುಂದೆ ಹೋಗುವವರು ಹಣ ಕಟ್ಟುವ ಮೊದಲು ರಸೀದಿಯಲ್ಲಿ ಪರೀಕ್ಷೆಯ ಹೆಸರಿನ ಜೊತೆ ವಿಧಾನದ ಹೆಸರೂ ಇದೆಯೇ ನೋಡಿಕೊಳ್ಳಿ. ನನಗೆ ಇದರಿಂದ ಹಾಳಾದದ್ದು 850 ರೂಪಾಯಿ ಮತ್ತು ಎಂಟು ದಿನ. ಆ ತುಪ್ಪದ ದೀಪಕ್ಕಾಗಿ ಮಾತ್ರ ಬೇಸರವಿಲ್ಲ.

ಜಯನಗರದ ಇನ್ನೊಂದು ಲ್ಯಾಬಿನಲ್ಲಿ ಐಎಫ್‌ಎ ಇತ್ತು. ಆದರೆ ವಾರಕ್ಕೆ ಎರಡೇ ದಿನ, ಮಾದರಿಗಳು ಒಟ್ಟಾದ ಮೇಲೆ. ನಾನು ರಕ್ತ ಕೊಟ್ಟ ವಾರ ಗೌರಿ ಗಣೇಶ ಹಬ್ಬ ಬಂದು ಒಂದು ಸರದಿ ತಪ್ಪಿತು. ನಾಲ್ಕಕ್ಕೆ ಸೇರಿ 4,600, ಐಜಿಜಿಗೆ 750. ಏಳನೆಯ ದಿನ ತಡೆಯಲಾಗದೆ ನಾನೇ ಹೋಗಿ ಕೂತೆ. ಅಲ್ಲಿಯ ಲ್ಯಾಬ್ ವೈದ್ಯೆಗೆ ನನ್ನ ಮುಖ ನೋಡಿ ಏನನ್ನಿಸಿತೋ, ಒಳಗೆ ಕರೆದರು. ಕಿಟಕಿಗೆ ಕಪ್ಪು ಬಟ್ಟೆ ಹಾಕಿದ ಪುಟ್ಟ ಕೋಣೆ, ಒಂದು ಸೂಕ್ಷ್ಮದರ್ಶಕ, ಅದಕ್ಕೆ ಸೇರಿಸಿದ ಪರದೆ. ದೀಪ ಆರಿಸಿ ನನ್ನ ಗಾಜನ್ನು ಇಟ್ಟರು.

ಕಪ್ಪು ಆಕಾಶದಲ್ಲಿ ಹಸಿರು ದೀಪಗಳು. ಎಳೆ ಮಾವಿನಕಾಯಿಯ ಹಸಿರಿನಂಥ ಗುಂಡು ಗುಂಡು ಚುಕ್ಕೆಗಳು, ಒಂದೊಂದೂ ಒಂದು ಜೀವಕೋಶದ ಕೇಂದ್ರ, ಅಂಚಿನಿಂದ ಅಂಚಿಗೆ ಒಂದೇ ಸಮನೆ ಬೆಳಗುತ್ತಿದ್ದವು. ನಡುವೆ ಅಲ್ಲಲ್ಲಿ ಒಡೆದು ಎರಡಾಗುತ್ತಿರುವ ಕೋಶಗಳು, ಅವುಗಳ ನಡುವಿನ ಪಟ್ಟಿ ಇನ್ನೂ ಉಜ್ವಲ. ನನ್ನ ರಕ್ತದ ಪ್ರತಿಕಾಯಗಳು ಆ ಕೇಂದ್ರಗಳಿಗೆ ಅಂಟಿಕೊಂಡಿವೆ, ಅವುಗಳಿಗೆ ಹೊಳೆಯುವ ಬಣ್ಣ ಕಟ್ಟಿದ್ದಾರೆ. ಇಷ್ಟು ಚೆಂದದ್ದು ನನ್ನ ಕಾಯಿಲೆಯೇ ಎನಿಸಿತು. ಇನ್ನೊಂದು ಗಾಜಿನ ಮೇಲೆ ಇಲಿಯ ಯಕೃತ್ತು, ಮೂತ್ರಪಿಂಡ, ಜಠರದ ತೆಳು ಪದರಗಳಿದ್ದವು. ಉಳಿದ ಮೂರನ್ನು ನೋಡುವುದು ಅದರ ಮೇಲೆ. ಮೂತ್ರಪಿಂಡದ ರಕ್ತನಾಳದ ಗೋಡೆ ಹಸಿರು ಬಳೆಯ ಹಾಗೆ ಹೊಳೆಯುತ್ತಿತ್ತು. ಅದು ನಯಸ್ನಾಯು, ಅಂದರೆ ಎಎಸ್‌ಎಂಎ. ಎಲ್‌ಕೆಎಂ ಮತ್ತು ಎಎಂಎ ಎರಡೂ ಮೂತ್ರಪಿಂಡದ ನಳಿಕೆಗಳಲ್ಲೇ ಹೊಳೆಯುವುದರಿಂದ ಅನುಭವವಿಲ್ಲದವರು ಒಂದನ್ನು ಇನ್ನೊಂದೆಂದು ಓದಿಬಿಡುವುದುಂಟು ಎಂದೂ ಹೇಳಿದರು. ಯಂತ್ರ ಕೊಡುವ ಅಂಕಿಯಲ್ಲ ಇದು, ಕಣ್ಣು ಓದುವ ಚಿತ್ರ.

ವರದಿ: ಎಎನ್‌ಎ ಪಾಸಿಟಿವ್, 1:320. ಎಎಸ್‌ಎಂಎ ಪಾಸಿಟಿವ್, 1:80. ಎಲ್‌ಕೆಎಂ-1, ಎಎಂಎ ನೆಗೆಟಿವ್. ಐಜಿಜಿ 2,640, ಇರಬೇಕಾದ್ದು 1,600ರ ಒಳಗೆ.

ಒಂದಕ್ಕೆ ಮುನ್ನೂರಿಪ್ಪತ್ತು ಅಂದರೇನು? ಆ ವೈದ್ಯೆ ಹೇಳಿದ್ದನ್ನು ನಾನು ಅಡುಗೆಮನೆಗೆ ತಂದು ಹೇಳುತ್ತೇನೆ. ಒಂದು ಸೌಟು ಹುಳಿ ಮಜ್ಜಿಗೆಗೆ ನೀರು ಬೆರೆಸುತ್ತ ಹೋಗಿ. ನಲವತ್ತು ಪಟ್ಟು ತೆಳುವಾದಾಗ ಹುಳಿ ಗೊತ್ತಾಗುತ್ತದೆಯೇ? ಎಂಬತ್ತು? ನೂರರವತ್ತು? ಮುನ್ನೂರಿಪ್ಪತ್ತು ಪಟ್ಟು ತೆಳುವಾದ ಮೇಲೂ ನಾಲಿಗೆಗೆ ಹುಳಿ ತಾಗಿದರೆ ಮೂಲ ಮಜ್ಜಿಗೆ ಬಲು ಹುಳಿ ಎಂದರ್ಥ. ಅದಕ್ಕೇ ಬರೀ ‘ಪಾಸಿಟಿವ್’ ಎಂಬ ಪದಕ್ಕೆ ಅರ್ಥವಿಲ್ಲ, ಪಕ್ಕದ ಅಂಕಿ ಬೇಕು. ನಮ್ಮ ಶಾಖೆಯ ಸಹೋದ್ಯೋಗಿಯೊಬ್ಬರು ಮಂಡಿ ನೋವಿಗೆಂದು ಹೋಗಿ ಎಎನ್‌ಎ 1:80 ಬಂದದ್ದಕ್ಕೆ ಒಂದು ತಿಂಗಳು ನಿದ್ದೆಗೆಟ್ಟಿದ್ದರು. ಅವರಿಗೆ ಯಾವ ಕಾಯಿಲೆಯೂ ಇರಲಿಲ್ಲ. ಆ ಮಟ್ಟದ ಎಎನ್‌ಎ ಆರೋಗ್ಯವಂತರಲ್ಲೂ ಸಾಕಷ್ಟು ಕಾಣುತ್ತದೆ, ವಯಸ್ಸಾದಂತೆ ಇನ್ನೂ ಹೆಚ್ಚು. ನನ್ನ ಅಂಕಿಗೂ ಒಂಟಿಯಾಗಿ ತೂಕವಿಲ್ಲ. ಎಸ್‌ಜಿಪಿಟಿ, ಐಜಿಜಿ ಜೊತೆ ನಿಂತಾಗಲೇ ಅದು ಮಾತಾಡುವುದು. ಇದು ಆಗ ಗೊತ್ತಿದ್ದರೆ ಆ ರಾತ್ರಿ ಒಂದು ಗಂಟೆಯವರೆಗೆ ಮೊಬೈಲಿನಲ್ಲಿ ಲಿವರ್ ಕಸಿಯ ಖರ್ಚು ಹುಡುಕುತ್ತ ಕೂರುತ್ತಿರಲಿಲ್ಲ.

ನಿವೃತ್ತ ನರ್ಸ್ ಆಗಿರುವ ದೊಡ್ಡಮ್ಮ ಫೋನಿನಲ್ಲಿ, ‘ಎಎನ್‌ಎ ಅಂದರೆ ಲೂಪಸ್ ಕಣೇ’ ಎಂದು ಅತ್ತೇಬಿಟ್ಟರು. ಲೂಪಸ್ ಎಂದರೆ ದೇಹ ತನ್ನದೇ ಅಂಗಗಳ ಮೇಲೆ ಎರಗುವ ಇನ್ನೊಂದು ಕಾಯಿಲೆ. ತಜ್ಞರನ್ನು ಕೇಳಿದೆ. ದೊಡ್ಡಮ್ಮನ ಗೊಂದಲಕ್ಕೂ ಚರಿತ್ರೆಯಿದೆ ಎಂದರು. 1956ರಲ್ಲಿ ಮೆಲ್ಬರ್ನ್‌ನ ಇಯಾನ್ ಮೆಕೇ ಮತ್ತು ಸಂಗಡಿಗರು ಈ ಕಾಯಿಲೆಯನ್ನು ಲೂಪಾಯ್ಡ್ ಹೆಪಟೈಟಿಸ್ ಎಂದೇ ಕರೆದಿದ್ದರು, ಲೂಪಸ್ ರೋಗಿಗಳ ರಕ್ತದಲ್ಲಿ ಕಾಣುವ ಒಂದು ಬಗೆಯ ಕೋಶ ಇವರಲ್ಲೂ ಕಂಡದ್ದರಿಂದ. ಎರಡೂ ಬೇರೆ ಕಾಯಿಲೆಗಳೆಂದು ಆಮೇಲೆ ಸ್ಪಷ್ಟವಾಯಿತು.

ಇನ್ನೊಂದು ಪರೀಕ್ಷೆ ಉಳಿದಿತ್ತು, ಲಿವರ್ ಬ್ಲಾಟ್. ಒಂದು ಪಟ್ಟಿಯ ಮೇಲೆ ಹಲವು ಗೆರೆಗಳು, ಒಂದೊಂದು ಗೆರೆ ಒಂದೊಂದು ಪ್ರತಿಕಾಯಕ್ಕೆ: ಎಸ್‌ಎಲ್‌ಎ, ಎಲ್‌ಸಿ-1, ಎಂ2 ಹೀಗೆ. 5,200 ರೂಪಾಯಿ, ಮಾದರಿ ಬೇರೆ ಊರಿಗೆ ಹೋಗಿ ಬರಬೇಕು, ಆರು ದಿನ. ಎಸ್‌ಎಲ್‌ಎ ಎಂಬುದು ಈ ಕಾಯಿಲೆಯಲ್ಲಿ ಬಿಟ್ಟರೆ ಬೇರೆಡೆ ಅಪರೂಪ, ಆದ್ದರಿಂದ ಅದು ಬಂದರೆ ಅನುಮಾನ ಹೆಚ್ಚುಕಡಿಮೆ ಮುಗಿಯುತ್ತದೆ. ಆದರೆ ರೋಗಿಗಳಲ್ಲಿ ಬಹುಮಂದಿಗೆ ಅದು ಇರುವುದಿಲ್ಲ. ನನಗೂ ಇರಲಿಲ್ಲ. ಬದಲಿಗೆ ಎಂ2 ಎದುರು ‘ಬಾರ್ಡರ್‌ಲೈನ್’ ಎಂದಿತ್ತು. ಎಂ2 ಅಂದರೆ ಮೈಟೊಕಾಂಡ್ರಿಯದ ಲೆಕ್ಕ, ಪಿಬಿಸಿ. ಒಂದು ಕಾಯಿಲೆ ಸಾಲದೆಂದು ಇನ್ನೊಂದೇ? ಪಿಬಿಸಿ ಇರುವ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಯಲ್ಲಿ ಎಎಂಎ ಇರುತ್ತದೆ ನಿಜ. ಆದರೆ ಪಿತ್ತನಾಳ ಕೆಟ್ಟಾಗ ಏರುವ ಆಲ್ಕಲೈನ್ ಫಾಸ್ಫಟೇಸ್ ನನ್ನಲ್ಲಿ ಸರಿಯಾಗಿತ್ತು, ಐಎಫ್‌ಎಯಲ್ಲಿ ಎಎಂಎ ಇರಲಿಲ್ಲ. ‘ಮಾಸಲು ಗೆರೆಗೆ ನಾನು ಔಷಧ ಕೊಡುವುದಿಲ್ಲ, ಗಮನದಲ್ಲಿಡುತ್ತೇನೆ’ ಎಂದು ತಜ್ಞರು ಮುಂದಿನ ಹಾಳೆ ತಿರುಗಿಸಿದರು. ನನಗೆ ಮಾತ್ರ ಆ ಮಾಸಲು ಗೆರೆ ಒಂದು ವಾರ ಕಣ್ಣ ಮುಂದೆಯೇ ಇತ್ತು.

ಸೂಜಿಯಿಂದ ಯಕೃತ್ತಿನ ಚೂರು ತೆಗೆದು ನೋಡುವ ಬಯಾಪ್ಸಿ ಬೇಕೇ ಬೇಕೆಂದರು. ರಕ್ತ ಎಷ್ಟು ಹೇಳಿದರೂ ಯಕೃತ್ತಿನೊಳಗೆ ಏನಾಗಿದೆಯೆಂದು ಅದಕ್ಕೆ ಗೊತ್ತಿಲ್ಲ. ಕಷಾಯದ ಪ್ರಶ್ನೆಯೂ ಇದೆ. ಸೆಪ್ಟೆಂಬರ್ ಕೊನೆಯ ಗುರುವಾರ ಬೆಳಿಗ್ಗೆ ಏಳಕ್ಕೆ ದಾಖಲಾದೆ. ಒಂದು ವಾರ ಮೊದಲಿನಿಂದಲೇ ನೋವಿನ ಮಾತ್ರೆ ನುಂಗಬಾರದೆಂದಿದ್ದರು, ರಕ್ತ ಹೆಪ್ಪುಗಟ್ಟುವ ಐಎನ್‌ಆರ್ ಮತ್ತು ಪ್ಲೇಟ್‌ಲೆಟ್ ಪರೀಕ್ಷೆಯೂ ಆಗಿತ್ತು. ನಾನು ಊಹಿಸಿಕೊಂಡಿದ್ದಕ್ಕೆ ಹೋಲಿಸಿದರೆ ಅದು ಏನೇನೂ ಅಲ್ಲ. ಬಲಪಕ್ಕೆಲುಬಿನ ನಡುವೆ ಮರಗಟ್ಟುವ ಸೂಜಿ, ‘ಉಸಿರು ಬಿಟ್ಟು ಹಿಡಿಯಿರಿ’ ಎಂಬ ಮಾತು, ಸ್ಟೇಪ್ಲರ್ ಒತ್ತಿದಂಥ ‘ಟಕ್’. ಎರಡು ಸಲ. ಆಮೇಲೆ ಬಲ ಭುಜಕ್ಕೆ ನೋವು ಬಂತು. ಚುಚ್ಚಿದ್ದು ಹೊಟ್ಟೆಗೆ, ನೋವು ಭುಜಕ್ಕೆ. ಎದೆ ಹೊಟ್ಟೆಗಳ ನಡುವಿನ ಪರದೆಯಾದ ವಪೆಯ ನರದ ಆಟ, ಗಾಬರಿ ಬೇಡ ಎಂದರು ನರ್ಸ್. ಆರು ಗಂಟೆ ಮಲಗಿದಲ್ಲೇ ಇರಬೇಕು, ಮೊದಲೆರಡು ಗಂಟೆ ಬಲಮಗ್ಗುಲಾಗಿ. ಪಕ್ಕದ ಹಾಸಿಗೆಯ ಅಜ್ಜಿಯ ಹತ್ತಿರ ರೇಡಿಯೋ ಇತ್ತು, ಅದರಿಂದ ಹೊತ್ತು ಹೋಯಿತು. ತೆಗೆದ ತುಂಡನ್ನು ಸೀಸೆಯಲ್ಲಿ ತೋರಿಸಿದ್ದರು: ಒಂದೂವರೆ ಸೆಂಟಿಮೀಟರಿನ ಶಾವಿಗೆ ಎಳೆ.

ವರದಿಗೆ ಐದು ಕೆಲಸದ ದಿನ ಎಂದರು. ನಡುವೆ ದಸರಾ ರಜೆಗಳು ಬಂದು ಹತ್ತು ದಿನವಾಯಿತು. ಇಂಟರ್‌ಫೇಸ್ ಹೆಪಟೈಟಿಸ್, ಪ್ಲಾಸ್ಮಾ ಕೋಶಗಳ ದಟ್ಟಣೆ, ಕೋಶಗಳ ರೋಸೆಟ್ ಜೋಡಣೆ, ಎರಡನೇ ಹಂತದ ಫೈಬ್ರೋಸಿಸ್. ಮೊದಲ ಮೂರೂ ಈ ಕಾಯಿಲೆಯ ಗುರುತುಗಳು, ಕೊನೆಯದು ಯಕೃತ್ತಿನಲ್ಲಿ ಗಾಯದ ಕಲೆಗಟ್ಟಿರುವುದು. ತಜ್ಞರು ಚೀಟಿಯ ಹಿಂಬದಿಗೆ ಕೂಡುವ ಲೆಕ್ಕ ಬರೆದರು. 2008ರಲ್ಲಿ ಅಂತರರಾಷ್ಟ್ರೀಯ ತಜ್ಞರ ಗುಂಪು ಮಾಡಿದ ಸರಳ ಅಂಕಪಟ್ಟಿಯಂತೆ. ಪ್ರತಿಕಾಯ 1:80 ಅಥವಾ ಹೆಚ್ಚಿದ್ದರೆ 2. ಐಜಿಜಿ ಮಿತಿಗಿಂತ ಶೇಕಡ ಹತ್ತಕ್ಕೂ ಮೇಲಿದ್ದರೆ 2. ಬಯಾಪ್ಸಿ ಹೇಳಿಮಾಡಿಸಿದಂತಿದ್ದರೆ 2. ವೈರಸ್ ಇಲ್ಲದಿದ್ದರೆ 2. ಆರಕ್ಕೆ ಸಂಭವನೀಯ, ಏಳಕ್ಕೆ ಖಚಿತ. ನನ್ನದು ಎಂಟಕ್ಕೆ ಎಂಟು. ಓದಿದ ಕಾಲದಲ್ಲಿ ಯಾವ ಪರೀಕ್ಷೆಯಲ್ಲೂ ಬಾರದ ಪೂರ್ಣಾಂಕ. ಗಮನಿಸಿ, ಪ್ರತಿಕಾಯಗಳಿಗೆ ಸಿಗುವುದು ಎಂಟರಲ್ಲಿ ಎರಡೇ ಅಂಕ, ಅವು ಎಷ್ಟೇ ಏರಿದರೂ. ಪ್ರತಿಕಾಯ ಒಂದೂ ಕಾಣದೆ ಈ ಕಾಯಿಲೆ ಇರುವವರೂ ಇದ್ದಾರೆ. ಕಷಾಯದಿಂದಲೇ ಬಂತೇ, ಒಳಗೆ ಮಲಗಿದ್ದದ್ದನ್ನು ಕಷಾಯ ಎಬ್ಬಿಸಿತೇ? ಎರಡನೇ ಹಂತದ ಫೈಬ್ರೋಸಿಸ್ ಇರುವುದರಿಂದ ಇದು ಹಳೆಯದಿರಬಹುದು, ಔಷಧ ಇಳಿಸಿದಾಗ ಮರುಕಳಿಸುತ್ತದೆಯೇ ಎಂಬುದನ್ನು ನೋಡಿಯೇ ಹೇಳಬೇಕು ಎಂದರು. ಮನೆಯಲ್ಲಿ ಈ ಮಾತನ್ನು ಅತ್ತೆಗೆ ಮೊದಲ ಅರ್ಧ ಮಾತ್ರ ಹೇಳಿದೆ.

ಈಗ, ಮದ್ಯದ ಪ್ರಶ್ನೆಯಿಂದ ನಾನು ಪಟ್ಟ ಆ ಪಾಡು. ಬಯಾಪ್ಸಿಯ ದಿನದ ಬಿಡುಗಡೆ ಪತ್ರದಲ್ಲಿ ಯಾರೋ ‘ಮದ್ಯಪಾನ: ಸಾಂದರ್ಭಿಕ’ ಎಂದು ಬರೆದಿದ್ದರು. ಹಿಂದಿನ ರೋಗಿಯ ನಮೂನೆಯ ಮೇಲೆಯೇ ನನ್ನದನ್ನು ಒತ್ತಿದ್ದರೆಂದು ಕಾಣುತ್ತದೆ. ಮನೆಗೆ ಬಂದು ಮೂರು ದಿನದ ಮೇಲೆ ನೋಡಿದೆ. ನಗದುರಹಿತ ಸೌಲಭ್ಯವನ್ನು ವಿಮಾ ಕಂಪನಿ ಮೊದಲೇ ನಿರಾಕರಿಸಿತ್ತು, ಬರೀ ಪರೀಕ್ಷೆಗಾಗಿ ದಾಖಲಾದರೆ ಕೊಡುವುದಿಲ್ಲ ಎಂದು. 26,300 ನಾವೇ ಕಟ್ಟಿದ್ದೆವು. ಈ ಪತ್ರವನ್ನೇ ಲಗತ್ತಿಸಿದ್ದರೆ ಮುಂದೆ ಆ ಒಂದು ಪದ ಹಿಡಿದು ಎಲ್ಲವನ್ನೂ ತಳ್ಳಿಹಾಕುತ್ತಿದ್ದರು. ಒಂದು ಪದ ತಿದ್ದಿಸಲು ನಾಲ್ಕು ಸಲ ಹೋದೆ. ಮೊದಲ ಸಲ ಬರೆದ ವೈದ್ಯರು ರಜೆ. ಎರಡನೇ ಸಲ ದಾಖಲೆ ವಿಭಾಗದ ಊಟದ ಸಮಯ. ಮೂರನೇ ಸಲ ಅರ್ಜಿ ಕೊಡಿ ಎಂದರು, ಕೊಟ್ಟೆ. ನಾಲ್ಕನೇ ಸಲ ಪೆನ್ನಿನಿಂದ ಹೊಡೆದು ಸಹಿ ಮಾಡಿಕೊಡುತ್ತೇವೆ ಎಂದರು. ನಾನು ಒಪ್ಪಲಿಲ್ಲ. ಚಿತ್ತು ಮಾಡಿದ ಚೆಕ್ಕನ್ನು ಇಪ್ಪತ್ತು ವರ್ಷದಿಂದ ಹಿಂದಕ್ಕೆ ಕಳಿಸುತ್ತಿರುವವಳು ನಾನು. ಹೊಸದಾಗಿ ಮುದ್ರಿಸಿ, ಮುದ್ರೆ ಒತ್ತಿಸಿಕೊಂಡೇ ಎದ್ದೆ.

ಬಿಡುಗಡೆ ಪತ್ರವನ್ನು ಆಸ್ಪತ್ರೆಯ ಬಾಗಿಲು ದಾಟುವ ಮೊದಲೇ ಸಾಲುಸಾಲಾಗಿ ಓದಿ. ಹೆಸರು ಆಧಾರಿನಲ್ಲಿರುವಂತೆಯೇ ಇದೆಯೇ, ಇನಿಷಿಯಲ್ ಹಿಂದೆಯೋ ಮುಂದೆಯೋ, ಅದನ್ನೂ. ‘ಚಿಕಿತ್ಸೆ ತೀರ್ಮಾನಿಸಲು ಬಯಾಪ್ಸಿ ಅಗತ್ಯವಾಗಿತ್ತು’ ಎಂದು ತಜ್ಞರಿಂದ ಒಂದು ಪತ್ರ ಪಡೆದು ಲಗತ್ತಿಸಿದ್ದರಿಂದ ಹಣ ಹಿಂದಿರುಗಿಸಲು ಕಂಪನಿ ಕೊನೆಗೆ ಒಪ್ಪಿತು. ಎರಡು ತಿಂಗಳ ಮೇಲೆ 22,800 ಬಂತು. ಹೊರರೋಗಿ ಪರೀಕ್ಷೆಗಳಿಗೆ ಬಿಡಿಗಾಸೂ ಇಲ್ಲ. ಮೊದಲ ಮಾತ್ರೆ ನುಂಗುವ ಹೊತ್ತಿಗೆ ಒಟ್ಟು ಐವತ್ತನಾಲ್ಕು ಸಾವಿರ ಖರ್ಚಾಗಿತ್ತು. ಸ್ಲೈಡು ಮತ್ತು ಮೇಣದ ಬ್ಲಾಕ್ ನಿಮಗೆ ಬೇಕಾದರೆ ಕೇಳಿ ಪಡೆಯಬಹುದು, ಎರಡನೇ ಅಭಿಪ್ರಾಯಕ್ಕೆ ಮತ್ತೆ ಚುಚ್ಚಿಸಿಕೊಳ್ಳಬೇಕಿಲ್ಲ. ನನಗೆ ಇದನ್ನು ಹೇಳಿದ್ದು ಆ ರೇಡಿಯೋ ಅಜ್ಜಿಯ ಮಗ.

ಚಿಕಿತ್ಸೆ ಶುರುವಾಗುವ ಮೊದಲೂ ಕೆಲವು ಪರೀಕ್ಷೆ. ಎದೆಯ ಎಕ್ಸ್‌ರೇ, ಕ್ಷಯ ಎಲ್ಲಾದರೂ ಅಡಗಿದೆಯೇ ಎಂದು. ಹೆಪಟೈಟಿಸ್ ಬಿ ಹಿಂದೆಂದಾದರೂ ಬಂದು ಹೋಗಿದೆಯೇ ಎಂದು ಇನ್ನೊಂದು, ಏಕೆಂದರೆ ಸ್ಟೆರಾಯ್ಡ್ ಕೊಟ್ಟಾಗ ಮಲಗಿದ್ದ ವೈರಸ್ ಏಳಬಹುದು. ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸುವ ಅಜಥಯೋಪ್ರಿನ್ ಮಾತ್ರೆ ಒಗ್ಗುತ್ತದೆಯೇ ಎಂದು ಟಿಪಿಎಂಟಿ ಮತ್ತು ಎನ್‌ಯುಡಿಟಿ15 ಎಂಬ ಜೀನ್ ಪರೀಕ್ಷೆ, 4,200. ಎರಡನೆಯದು ನಮ್ಮ ಏಷ್ಯಾದವರಲ್ಲಿ ಮುಖ್ಯವಂತೆ. ಅದು ಸರಿಯಿಲ್ಲದವರಿಗೆ ಈ ಮಾತ್ರೆ ಬಿಳಿ ರಕ್ತಕಣಗಳನ್ನೇ ನೆಲಕಚ್ಚಿಸಿಬಿಡುತ್ತದೆ. ನನ್ನದು ಸರಿಯಿತ್ತು. ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ಮೊದಲು, ಎರಡು ವಾರದ ಮೇಲೆ ಅಜಥಯೋಪ್ರಿನ್, ಮೊದಲ ತಿಂಗಳು ವಾರಕ್ಕೊಮ್ಮೆ ರಕ್ತಕಣ ಎಣಿಕೆ. ಪ್ರಮಾಣವನ್ನು ಇಲ್ಲಿ ಬರೆಯುವುದಿಲ್ಲ, ತೂಕ ನೋಡಿ ಕೊಡುವಂಥದ್ದು. ಪ್ರೆಡ್ನಿಸೊಲೋನನ್ನು ಹುಷಾರಾಯಿತೆಂದು ತಾವಾಗಿಯೇ ನಿಲ್ಲಿಸಬಾರದು, ಇಳಿಸಿ ಇಳಿಸಿ ತರಬೇಕು. ಇಷ್ಟು ದೊಡ್ಡ ಕಾಯಿಲೆಯ ಮಾತ್ರೆ ಇಷ್ಟು ಅಗ್ಗ ಎಂಬುದೇ ಆಶ್ಚರ್ಯ. ರೋಗ ಕಂಡುಹಿಡಿಯಲು ಅರ್ಧ ಲಕ್ಷ, ಒಂದು ತಿಂಗಳ ಮಾತ್ರೆಗೆ ನಾನು ಕೊಡುವುದು ಆರುನೂರರೊಳಗೆ.

ಸ್ಟೆರಾಯ್ಡಿನ ಮೊದಲ ವಾರ ನಾನು ಬೆಳಗಿನ ಮೂರು ಗಂಟೆಯ ಹನುಮಂತನಗರವನ್ನು ಕಂಡೆ. ನಿದ್ದೆಯಿಲ್ಲ. ಸ್ಟೀಲ್ ಡಬ್ಬಿಗಳನ್ನೆಲ್ಲ ಇಳಿಸಿ ತೊಳೆದು ಮತ್ತೆ ಜೋಡಿಸಿದೆ. ಹಸಿವೆಂದರೆ ಹಸಿವು. ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಎರಡು ಸೇರು ಕೊಂಡು, ಬುಲ್ ಟೆಂಪಲ್ ರಸ್ತೆ ಮುಗಿಯುವ ಮೊದಲೇ ಒಂದು ಸೇರು ಮುಗಿಸಿದ್ದೆ. ಮುಖ ದುಂಡಗಾಯಿತು. ಮದುವೆಯೊಂದರಲ್ಲಿ ದೂರದ ಬಂಧುವೊಬ್ಬರು ಗಲ್ಲ ಹಿಂಡಿ, ‘ಈಗ ನೋಡು, ಮೈಕೈ ತುಂಬಿಕೊಂಡು ಎಷ್ಟು ಲಕ್ಷಣವಾಗಿದ್ದೀಯೆ’ ಎಂದರು. ಪಕ್ಕದಲ್ಲಿದ್ದ ಅತ್ತೆ, ‘ಅದು ಮಾತ್ರೆಯ ಲಕ್ಷಣ’ ಎಂದರು. ಮೊದಲ ತಿಂಗಳು ನನ್ನ ತಟ್ಟೆ ಲೋಟ ಬೇರೆ ಇಟ್ಟಿದ್ದವರು ಅವರೇ. ಇದು ಅಂಟುವ ಕಾಯಿಲೆಯಲ್ಲ ಎಂದು ವೈದ್ಯರ ಬಾಯಿಂದಲೇ ಹೇಳಿಸಿದ ಮೇಲೆ, ಏನೂ ಆಗಿಲ್ಲವೆಂಬಂತೆ ಒಂದು ಬೆಳಿಗ್ಗೆ ತಟ್ಟೆಗಳನ್ನು ಒಟ್ಟಿಗೆ ಜೋಡಿಸಿಟ್ಟಿದ್ದರು.

ಮಾರ್ಚ್ ಮೊದಲ ವಾರದ ವರದಿ: ಎಸ್‌ಜಿಪಿಟಿ 31, ಎಸ್‌ಜಿಒಟಿ 28, ಐಜಿಜಿ 1,480. ಎರಡೂ ಬಗೆಯ ಅಂಕಿ ಒಟ್ಟಿಗೆ ಮಿತಿಯೊಳಗೆ ಬಂದರೇ ಕಾಯಿಲೆ ಹತೋಟಿಗೆ ಬಂದಂತೆ ಎಂದು ತಜ್ಞರು ಹೇಳಿದ್ದರು, ಬಂದಿವೆ. ಆದರೂ ಇನ್ನು ಎರಡು ವರ್ಷವಾದರೂ ಮಾತ್ರೆ ಇರುತ್ತದೆ. ‘ಆ 1:320 ಈಗ ಎಷ್ಟಾಗಿದೆಯೋ, ಮತ್ತೊಮ್ಮೆ ಮಾಡಿಸಲೇ?’ ಎಂದು ಕೇಳಿದೆ. ಬೇಡ, ಅದರ ಏರಿಳಿತ ನೋಡಿ ನಾನು ಮಾತ್ರೆ ಬದಲಿಸುವುದಿಲ್ಲ, ದುಡ್ಡು ಉಳಿಸಿ ಎಂದರು. ಆರು ತಿಂಗಳು ನನ್ನ ನಿದ್ದೆ ಕೆಡಿಸಿದ ಅಂಕಿಯನ್ನು ಕೇಳುವವರೇ ಇಲ್ಲ ಈಗ.

ಅಮೃತಬಳ್ಳಿಯನ್ನು ಕೀಳಲು ಅತ್ತೆ ಬಿಡಲಿಲ್ಲ. ಗಿಡದ ತಪ್ಪೇನು, ನೋಡಲು ಚೆನ್ನಾಗಿದೆ, ಇರಲಿ ಎಂದರು. ಗೇಟಿನ ಕಮಾನು ತುಂಬ ಹಬ್ಬಿಕೊಂಡಿದೆ. ಮೊದಲು ಅಕ್ಕಪಕ್ಕದವರು ಬೆಳಿಗ್ಗೆ ವಾಕಿಂಗ್ ಮುಗಿಸಿ ಬರುವಾಗ ನಾಲ್ಕು ಎಲೆ ಕಿತ್ತುಕೊಂಡು ಹೋಗುತ್ತಿದ್ದರು. ಈಗ ಅತ್ತೆಯೇ ಜಗಲಿಯಲ್ಲಿ ಕೂತು, ‘ಎಲ್‌ಎಫ್‌ಟಿ ಮಾಡಿಸಿದ್ದೀರಾ?’ ಎಂದು ಕೇಳುತ್ತಾರೆ. ಎಲೆಗಳು ದಟ್ಟವಾಗಿವೆ.